ಕಟ್ಟಡಗಳನ್ನು ಓದುವ ವಿದ್ಯೆ ಮತ್ತು ಗಣಕಯಂತ್ರ: ಗುಜರಾತಿನ ಮೂರು ನಗರಗಳ ನಿದರ್ಶನಗಳು

ಭಾರತೀಯ ರಿಸರ್ವ್ ಬ್ಯಾಂಕು 2017ರಲ್ಲಿ ಹೊರತಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. 2018ರಲ್ಲಿ ಬಂದ ನೂರು ರೂಪಾಯಿ ನೋಟಿನ ಹಿಂಬದಿಯಲ್ಲಿ ಪಾಟಣದ ರಾಣಿ ಕೀ ವಾವ್ ಎಂಬ ಮೆಟ್ಟಿಲುಬಾವಿಯಿದೆ. ಒಂದು ನಮ್ಮ ಹಿರಿಯರ ನಾಡಿನದು, ಮತ್ತೊಂದು ನಾವು ನೆಲೆಸಿರುವ ನಾಡಿನದು. ಎರಡೂ ಚಿತ್ರಗಳು ಅಂದವಾಗಿವೆ. ಆದರೆ ಅವು ಕಟ್ಟಡವನ್ನು ತೋರಿಸುತ್ತವೆಯೇ ಹೊರತು ಅದರ ಬಗ್ಗೆ ಏನನ್ನೂ ವಿವರಿಸುವುದಿಲ್ಲ. ಬಾವಿಯೊಂದಕ್ಕೆ ಅಷ್ಟೊಂದು ಅಂತಸ್ತುಗಳು ಏಕೆ ಬೇಕಾದವು? ರಥದ ನೆತ್ತಿಯ ಮೇಲೆ ಹಿಂದೆ ಏನಿತ್ತು? ಚಿತ್ರ ನೋಡಿದ ಮಾತ್ರಕ್ಕೆ ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯದು.

ಕಟ್ಟಡವನ್ನು ಗೆರೆಗಳಲ್ಲಿ, ಪ್ರತಿಕೃತಿಯಲ್ಲಿ ಅಥವಾ ಗಣಕಯಂತ್ರದ ಪರದೆಯಲ್ಲಿ ತೋರಿಸುವುದು ಪ್ರತಿರೂಪಣೆ. ಅದು ಹೀಗೇಕೆ ನಿಂತಿದೆ, ಬೆಳಕು ಗಾಳಿಗಳು ಹೇಗೆ ಒಳಬರುತ್ತವೆ, ಯಾವ ಅಳತೆ ಮತ್ತೆ ಮತ್ತೆ ಬಂದಿದೆ, ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿಯಿದೆ ಎಂದು ಬಿಡಿಸಿ ನೋಡುವುದು ವಿಶ್ಲೇಷಣೆ. ಬಾಗಿಲಿನ ದಿಕ್ಕು ಬದಲಿಸಿ ಶುಭಾಶುಭ ಹೇಳುವ ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಈ ವಿಶ್ಲೇಷಣೆಯನ್ನು ಗಣಕಯಂತ್ರದ ನೆರವಿನಿಂದ ಮಾಡುವ ಮತ್ತು ಕಲಿಸುವ ಕ್ರಮವನ್ನು ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ನಿದರ್ಶನಗಳೊಂದಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ಮೊದಲ ಪ್ರಸಿದ್ಧ ವ್ಯವಸ್ಥೆಯಾದ ಸ್ಕೆಚ್‌ಪ್ಯಾಡನ್ನು 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡ್ ರೂಪಿಸಿದರು. 1982ರಲ್ಲಿ ಆಟೋಕ್ಯಾಡ್ ತಂತ್ರಾಂಶ ಮಾರುಕಟ್ಟೆಗೆ ಬಂದ ಮೇಲೆ ನಕ್ಷೆ ಬಿಡಿಸುವ ಕೆಲಸ ಕ್ರಮೇಣ ಮೇಜಿನಿಂದ ಗಣಕಕ್ಕೆ ಸರಿಯಿತು. ಆದರೆ ನಕ್ಷೆಯನ್ನು ಬೇಗ ಬಿಡಿಸುವುದು ವಿಶ್ಲೇಷಣೆಯಲ್ಲ. ವಿಶ್ಲೇಷಣೆಗೆ ದಾರಿ ಮಾಡಿಕೊಟ್ಟವು ಬೇರೆ ಎರಡು ಚಿಂತನೆಗಳು.

ಮೊದಲನೆಯದು ಆಕಾರಗಳ ವ್ಯಾಕರಣ. 1970ರ ದಶಕದ ಆರಂಭದಲ್ಲಿ ಜಾರ್ಜ್ ಸ್ಟೈನಿ ಮತ್ತು ಜೇಮ್ಸ್ ಗಿಪ್ಸ್ ಇದನ್ನು ಮಂಡಿಸಿದರು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಪದಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಸೂತ್ರಗಳು ಹೇಳುವಂತೆ, ಒಂದು ಶೈಲಿಯ ಕಟ್ಟಡಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಕೆಲವು ನಿಯಮಗಳಲ್ಲಿ ಹೇಳಲು ಸಾಧ್ಯ ಎಂಬುದು ಇದರ ತಿರುಳು. ಸ್ಟೈನಿ ಮತ್ತು ವಿಲಿಯಂ ಮಿಚೆಲ್ 1978ರಲ್ಲಿ ಇಟಲಿಯ ಪಲ್ಲಾಡಿಯೋ ಕಟ್ಟಿದ ಮನೆಗಳ ವ್ಯಾಕರಣವನ್ನೂ 1980ರಲ್ಲಿ ನಮ್ಮ ಮೊಗಲ್ ಉದ್ಯಾನಗಳ ವ್ಯಾಕರಣವನ್ನೂ ಬರೆದರು.

ಎರಡನೆಯದು ಜಾಗಗಳ ಸಂಬಂಧದ ಅಧ್ಯಯನ. ಲಂಡನ್ನಿನ ಬಿಲ್ ಹಿಲಿಯರ್ ಮತ್ತು ಜೂಲಿಯೆನ್ ಹ್ಯಾನ್ಸನ್ 1984ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು. ಇಲ್ಲಿ ಕೋಣೆಯ ಅಂದಚೆಂದ ಮುಖ್ಯವಲ್ಲ. ಬೀದಿಯಿಂದ ಆ ಕೋಣೆಗೆ ಎಷ್ಟು ಹೊಸ್ತಿಲುಗಳನ್ನು ದಾಟಬೇಕು, ಅದಕ್ಕೆ ಎಷ್ಟು ದಾರಿಗಳಿವೆ ಎಂಬ ಎಣಿಕೆಯೇ ಮುಖ್ಯ.

ಎರಡು ಕ್ರಮಗಳಿಗೂ ಸಮಾನವಾದ ಒಂದು ಗುಣವಿದೆ. ಕಟ್ಟಡದ ನಿಯಮವನ್ನು ಮೊದಲು ಮನುಷ್ಯನೇ ಕಂಡುಕೊಳ್ಳಬೇಕು. ಆಮೇಲೆ ಅದನ್ನು ಗಣಕಕ್ಕೆ ತಿಳಿಸಬೇಕು. ಸುಮಾರಾಗಿ ಹೇಳಿದರೆ ಗಣಕಕ್ಕೆ ಅರ್ಥವಾಗದು. ಆದ್ದರಿಂದಲೇ ಅದು ಒಳ್ಳೆಯ ಬೋಧನ ಸಾಧನ. ತಾನು ಅರ್ಥ ಮಾಡಿಕೊಂಡಿದ್ದೇನೆಂದು ಭಾವಿಸಿದ ವಿದ್ಯಾರ್ಥಿ ಅದನ್ನು ಹೆಜ್ಜೆಹೆಜ್ಜೆಯಾಗಿ ಗಣಕಕ್ಕೆ ಹೇಳಹೊರಟಾಗ ತನ್ನ ತಿಳಿವಳಿಕೆಯ ಕೊರತೆ ಅವನಿಗೇ ಗೊತ್ತಾಗುತ್ತದೆ.

ಅಹಮದಾಬಾದ್: ತೆರೆದ ಪಠ್ಯಪುಸ್ತಕ

ಬಾಲಕೃಷ್ಣ ದೋಶಿಯವರ ನೇತೃತ್ವದಲ್ಲಿ 1962ರಲ್ಲಿ ಇಲ್ಲಿ ವಾಸ್ತುಶಿಲ್ಪ ಶಾಲೆ ಆರಂಭವಾಯಿತು. ಅದೇ ಮುಂದೆ ಬೆಳೆದು 2005ರಲ್ಲಿ ಸೆಪ್ಟ್ ವಿಶ್ವವಿದ್ಯಾಲಯವಾಯಿತು. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ದೋಶಿಯವರು 2023ರ ಜನವರಿಯಲ್ಲಿ ನಿಧನರಾದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಪ್ರಬಂಧನ ಸಂಸ್ಥೆಯ ಕಲ್ಲಿನ ಆವರಣ ಅವರದೇ ವಿನ್ಯಾಸ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಈ ನಗರದಲ್ಲಿ ವಿಶ್ಲೇಷಣೆ ಕಲಿಯುವವರಿಗೆ ಉದಾಹರಣೆಗಳ ಬರವಿಲ್ಲ. ಆಶ್ರಮ ರಸ್ತೆಯಲ್ಲಿ ಲ ಕಾರ್ಬೂಸಿಯೆ 1954ರಲ್ಲಿ ಮುಗಿಸಿದ ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ಗಮನಿಸಬಹುದು. ರಸ್ತೆಯ ಕಡೆಗಿರುವ ಪಶ್ಚಿಮದ ಮುಖದಲ್ಲಿ ಕಾಂಕ್ರೀಟಿನ ಫಲಕಗಳು ಓರೆಯಾಗಿ ನಿಂತಿವೆ. ಸಾಬರಮತಿಯ ಕಡೆಗಿರುವ ಪೂರ್ವದ ಮುಖದಲ್ಲಿ ನೇರವಾಗಿ ನಿಂತಿವೆ. ಏಕೆ ಈ ವ್ಯತ್ಯಾಸ? ಮಧ್ಯಾಹ್ನದ ನಂತರ ಬಾಗಿ ಬರುವ ಬಿಸಿಲನ್ನು ಓರೆ ಫಲಕ ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ನದಿಯ ಕಡೆಗೆ ನೋಟ ತೆರೆದಿರಬೇಕು. ಹಿಂದೆ ಸೂರ್ಯಪಥದ ನಕ್ಷೆಯನ್ನು ಕೈಯಲ್ಲಿ ಬಿಡಿಸಿ ಇದನ್ನು ಸಾಧಿಸಿ ತೋರಿಸುತ್ತಿದ್ದರು. ಈಗ ಕಟ್ಟಡದ ಮೂರು ಆಯಾಮದ ಪ್ರತಿರೂಪಕ್ಕೆ ಅಕ್ಷಾಂಶ, ದಿನಾಂಕ ಮತ್ತು ವೇಳೆಯನ್ನು ಕೊಟ್ಟರೆ ನೆರಳು ಪರದೆಯ ಮೇಲೆ ಚಲಿಸುತ್ತದೆ. ಅಹಮದಾಬಾದ್ ಸುಮಾರು 23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬೆಂಗಳೂರು ಸುಮಾರು 13ರಲ್ಲಿ. ಅದೇ ಪ್ರತಿರೂಪವನ್ನು ಬೆಂಗಳೂರಿನಲ್ಲಿ ನಿಲ್ಲಿಸಿ ನೋಡಿದರೆ ನೆರಳಿನ ಲೆಕ್ಕ ಬದಲಾಗುತ್ತದೆ. ಕಟ್ಟಡ ಸ್ಥಳಕ್ಕೆ ಸೇರಿದ್ದು ಎಂಬ ಪಾಠವನ್ನು ಇದಕ್ಕಿಂತ ಸುಲಭವಾಗಿ ಕಲಿಸುವುದು ಕಷ್ಟ.

ಸಾಬರಮತಿ ಆಶ್ರಮದಲ್ಲಿ ಚಾರ್ಲ್ಸ್ ಕೊರಿಯಾ ರಚಿಸಿದ, 1963ರಲ್ಲಿ ನೆಹರೂ ಉದ್ಘಾಟಿಸಿದ ಗಾಂಧಿ ಸಂಗ್ರಹಾಲಯ ಆಕಾರ ವ್ಯಾಕರಣಕ್ಕೆ ಸರಳ ನಿದರ್ಶನ. 6 ಮೀಟರ್ ಅಳತೆಯ ಒಂದು ಚೌಕ, ಇಟ್ಟಿಗೆಯ ಕಂಬ, ಹೆಂಚಿನ ಮಾಡು. ಈ ಚೌಕವೇ ಮತ್ತೆ ಮತ್ತೆ ಬರುತ್ತದೆ. ಕೆಲವಕ್ಕೆ ಗೋಡೆಯಿದೆ, ಕೆಲವು ತೆರೆದಿವೆ, ನಡುವೆ ನೀರಿನ ಅಂಗಳವಿದೆ. ಗಣಕಕ್ಕೆ ಇದರ ನಿಯಮಗಳನ್ನು ಕೊಡುವುದು ಸುಲಭ. ಆದರೆ ಅದೇ ನಿಯಮಗಳಿಂದ ನೂರಾರು ಬೇರೆ ಜೋಡಣೆಗಳೂ ಹುಟ್ಟುತ್ತವೆ. ಅವುಗಳಲ್ಲಿ ಕೊರಿಯಾ ಇದೊಂದನ್ನೇ ಏಕೆ ಆರಿಸಿದರು ಎಂದು ವಿದ್ಯಾರ್ಥಿ ಕೇಳಿಕೊಂಡಾಗ ನಿಜವಾದ ವಿಶ್ಲೇಷಣೆ ಪ್ರಾರಂಭವಾಗುತ್ತದೆ.

ದೋಶಿಯವರು ಚಿತ್ರಕಾರ ಎಂ.ಎಫ್. ಹುಸೇನರಿಗಾಗಿ ರಚಿಸಿದ, 1995ರಲ್ಲಿ ಪೂರ್ಣಗೊಂಡ ಗುಫಾ ಇನ್ನೊಂದು ಬಗೆಯದು. ಆಮೆಯ ಚಿಪ್ಪಿನಂತೆ ಒಂದಕ್ಕೊಂದು ಅಂಟಿಕೊಂಡ ಗುಮ್ಮಟಗಳಿಗೆ ನೇರ ಗೆರೆಯೇ ಇಲ್ಲ. ಇದರ ವಿನ್ಯಾಸಕ್ಕೆ ಗಣಕಯಂತ್ರದ ನೆರವು ಪಡೆಯಲಾಯಿತು. ಆದರೆ ಕಟ್ಟಿದವರು ಸಾಮಾನ್ಯ ಕೈಹತಾರಗಳನ್ನು ಬಳಸುವ ಆದಿವಾಸಿ ಕೂಲಿಕಾರರು. ತಂತಿಬಲೆಯ ಮೇಲೆ ಗಾರೆ ಹಚ್ಚಿದ ತೆಳು ಚಿಪ್ಪು ಹೀಗೆ ಮೇಲೆದ್ದಿತು.

ಪೋಳದ ಮನೆ ಮತ್ತು ತೊಟ್ಟಿಮನೆ

ಕೋಟೆಯೊಳಗಿನ ಹಳೆಯ ನಗರ 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಪೋಳಗಳ ಮರದ ಮನೆಗಳು ಜಾಗಗಳ ಸಂಬಂಧವನ್ನು ಕಲಿಯಲು ಬಹಳ ಅನುಕೂಲ. ಬೀದಿಯಿಂದ ಎಣಿಸಿದರೆ ಓಟಲೊ ಎಂಬ ಜಗುಲಿ ಒಂದನೆಯ ಹೆಜ್ಜೆ, ಖಡಕಿ ಎಂಬ ಮುಂಗೋಣೆ ಎರಡನೆಯದು, ಚೋಕ್ ಎಂಬ ಅಂಗಳ ಮೂರನೆಯದು, ಪರಸಾಳ ಎಂಬ ಪಡಸಾಲೆ ನಾಲ್ಕನೆಯದು, ಓರಡೊ ಎಂಬ ಒಳಕೋಣೆ ಐದನೆಯದು. ಅಕ್ಕಪಕ್ಕದ ಗೋಡೆಗಳು ನೆರೆಮನೆಗೆ ಅಂಟಿರುವುದರಿಂದ ಬೆಳಕು ಗಾಳಿಗಳು ಚೋಕಿನಿಂದಲೇ ಬರಬೇಕು. ಅನೇಕ ಮನೆಗಳಲ್ಲಿ ಅಂಗಳದ ಅಡಿಯಲ್ಲಿ ಮಳೆನೀರಿನ ಟಾಂಕವೂ ಇರುತ್ತದೆ.

ನಮ್ಮ ಮೈಸೂರು ಸೀಮೆಯ ತೊಟ್ಟಿಮನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಜಗುಲಿ, ಪಡಸಾಲೆ, ತೊಟ್ಟಿ, ನಡುಮನೆ, ದೇವರಮನೆ, ಹೆಸರುಗಳು ಬೇರೆಯಾದರೂ ಸಾಲು ಹೆಚ್ಚುಕಡಿಮೆ ಅದೇ. ಆದರೆ ಕೋಣೆಗೊಂದು ಚುಕ್ಕೆ, ಬಾಗಿಲಿಗೊಂದು ಗೆರೆಯಂತೆ ಚಿತ್ರ ಬರೆದರೆ ಭೇದ ಕಾಣುತ್ತದೆ. ಕಿರಿದಾದ ನಿವೇಶನದ ಪೋಳದ ಮನೆಯ ಚಿತ್ರ ಸಾಮಾನ್ಯವಾಗಿ ಸರಪಳಿಯಂತೆ ಒಳಗೆ ಸಾಗುತ್ತದೆ. ತೊಟ್ಟಿಮನೆಯ ಚಿತ್ರ ತೊಟ್ಟಿಯಿಂದ ನಾಲ್ಕೂ ಕಡೆಗೆ ಕವಲೊಡೆಯುತ್ತದೆ; ಹಿತ್ತಿಲ ಬಾಗಿಲು ಇರುವುದರಿಂದ ಹೊರಗಿನಿಂದ ಸುತ್ತಿ ಬರುವ ಇನ್ನೊಂದು ದಾರಿಯೂ ಸಿಗುತ್ತದೆ. ಹೆಂಗಸರು ಯಾವ ದಾರಿಯಲ್ಲಿ ಓಡಾಡುತ್ತಿದ್ದರು, ಅತಿಥಿ ಎಲ್ಲಿಯವರೆಗೆ ಬರಬಹುದಿತ್ತು ಎಂಬ ಸಾಮಾಜಿಕ ವಿಷಯಗಳು ಈ ಚುಕ್ಕೆ ಗೆರೆಗಳಲ್ಲಿ ಅಡಗಿವೆ. ಇಂಥ ಎಣಿಕೆಗೆ ಡೆಪ್ತ್‌ಮ್ಯಾಪ್-ಎಕ್ಸ್ ಎಂಬ ಉಚಿತ ತಂತ್ರಾಂಶ ಲಭ್ಯವಿದೆ.

ವಡೋದರಾ: ಭಾರದ ಲೆಕ್ಕ

ಮಹಾರಾಜ ಸಯಾಜಿರಾವ್ ಅವರ ಕಾಲದಲ್ಲಿ, 1890ರಲ್ಲಿ, ಕಲಾಭವನ ಎಂಬ ತಾಂತ್ರಿಕ ಶಾಲೆ ಇಲ್ಲಿ ಸ್ಥಾಪನೆಯಾಯಿತು. 1949ರಲ್ಲಿ ರೂಪುಗೊಂಡ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ತಾಂತ್ರಿಕ ವಿಭಾಗ ಅದರಿಂದಲೇ ಬೆಳೆದದ್ದು. 1890ರಲ್ಲೇ ಪೂರ್ಣಗೊಂಡ ಲಕ್ಷ್ಮೀವಿಲಾಸ ಅರಮನೆಯ ಬಗ್ಗೆ ಒಂದು ದುಃಖದ ಕಥೆ ಪ್ರಚಲಿತವಾಗಿದೆ. ಅದರ ವಾಸ್ತುಶಿಲ್ಪಿ ಚಾರ್ಲ್ಸ್ ಮಾಂಟ್ ತನ್ನ ಭಾರದ ಲೆಕ್ಕ ತಪ್ಪಿ ಅರಮನೆ ಕುಸಿಯುವುದೆಂಬ ಭಯದಿಂದ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು 1881ರಲ್ಲಿ ತೀರಿಕೊಂಡರಂತೆ. ಕೆಲಸವನ್ನು ರಾಬರ್ಟ್ ಚಿಸ್‌ಹೋಮ್ ಮುಗಿಸಿದರು. ಅರಮನೆ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಅದೇ ನಗರದ ಸೇನಾ ಆವರಣದಲ್ಲಿ 1966ರಲ್ಲಿ ಕಟ್ಟಿದ ದಕ್ಷಿಣಾಮೂರ್ತಿ ದೇವಾಲಯ ಅಲ್ಯೂಮಿನಿಯಂ ಹೊದಿಕೆಯ ಗೋಳಾಕಾರದ್ದು. ನೇರ ಸರಳುಗಳ ತ್ರಿಕೋನಗಳಿಂದ ಗುಮ್ಮಟ ಹೇಗೆ ಉಂಟಾಗುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೂ ಇಲ್ಲಿ ತೋರಿಸಬಹುದು. ಮಾಂಟ್ ರಾತ್ರಿಹಗಲು ಮಾಡಿದ್ದಿರಬಹುದಾದ ಲೆಕ್ಕವನ್ನು ಈಗಿನ ಗಣಕ ಕ್ಷಣಗಳಲ್ಲಿ ಮುಗಿಸುತ್ತದೆ. ಆದರೆ ವೇಗದಿಂದ ಬಂದ ಉತ್ತರ ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ.

2001ರ ಜನವರಿ 26ರ ಭೂಕಂಪವನ್ನು ಗುಜರಾತಿನ ಕನ್ನಡಿಗರು ಮರೆತಿಲ್ಲ. ಭೂಕಂಪದ ಕೇಂದ್ರ ದೂರದ ಕಚ್ಛದಲ್ಲಿದ್ದರೂ ಅಹಮದಾಬಾದಿನಲ್ಲಿ ಹಲವಾರು ಬಹುಮಹಡಿ ಕಟ್ಟಡಗಳು ಉರುಳಿ ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟು ಕಟ್ಟಡಗಳ ನೆಲ ಅಂತಸ್ತು ವಾಹನ ನಿಲುಗಡೆಗಾಗಿ ಗೋಡೆಗಳಿಲ್ಲದೆ ತೆರೆದಿತ್ತು. ಇಂಥ ಕಟ್ಟಡಗಳ ವಿಶ್ಲೇಷಣೆಯಲ್ಲಿ ಕಂಬ ತೊಲೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ನಡುವಣ ಇಟ್ಟಿಗೆ ಗೋಡೆಗಳನ್ನು ಬರಿಯ ತೂಕವೆಂದು ಎಣಿಸುವುದು ವಾಡಿಕೆ. ವಾಸ್ತವದಲ್ಲಿ ಮೇಲಿನ ಅಂತಸ್ತುಗಳನ್ನು ಆ ಗೋಡೆಗಳು ಬಿಗಿಯಾಗಿಸುತ್ತವೆ. ಗೋಡೆಯಿಲ್ಲದ ನೆಲ ಅಂತಸ್ತು ಮಾತ್ರ ಸಡಿಲವಾಗಿ ಉಳಿದು, ಅಲುಗಾಟವೆಲ್ಲ ಅಲ್ಲಿನ ಕಂಬಗಳ ಮೇಲೆ ಬೀಳುತ್ತದೆ. ಗೋಡೆಯನ್ನು ಬಿಟ್ಟು ರಚಿಸಿದ ಪ್ರತಿರೂಪದಲ್ಲಿ ಈ ಅಪಾಯ ಕಾಣುವುದೇ ಇಲ್ಲ. 2002ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 1893ರಲ್ಲಿ ಇಂಥ ದುರ್ಬಲ ಅಂತಸ್ತಿನ ಬಗ್ಗೆ ವಿಶೇಷ ನಿಯಮಗಳು ಸೇರಿದವು. ಪ್ರತಿರೂಪದಲ್ಲಿ ಏನನ್ನು ಬಿಡಲಾಗಿದೆ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸದಿದ್ದರೆ ಏನಾಗಬಹುದು ಎಂಬುದಕ್ಕೆ ಇದು ಎಚ್ಚರಿಕೆ.

ಸೂರತ್: ಕಡಿಯುವ ಮುನ್ನ ಕಾಣುವುದು

ಸೂರತ್ ನಿವಾಸಿಗಳಿಗೆ ಈ ವಿಷಯ ವಜ್ರದ ಮೂಲಕ ಪರಿಚಿತ. ಒರಟು ಹರಳನ್ನು ಯಂತ್ರದಲ್ಲಿಟ್ಟು, ಅದರ ಹೊರ ಆಕಾರ ಮತ್ತು ಒಳಗಿನ ದೋಷಗಳ ಮೂರು ಆಯಾಮದ ಪ್ರತಿರೂಪವನ್ನು ಪಡೆದು, ಯಾವ ಬಗೆಯಲ್ಲಿ ಕಡಿದರೆ ಹೆಚ್ಚು ಬೆಲೆ ಬರುವುದೆಂದು ಮೊದಲೇ ಲೆಕ್ಕ ಹಾಕಲಾಗುತ್ತದೆ. ಒಮ್ಮೆ ಕಡಿದ ಹರಳನ್ನು ಮತ್ತೆ ಜೋಡಿಸಲಾಗದು. ಕಟ್ಟಡದ ವಿಷಯವೂ ಹಾಗೆಯೇ.

2023ರ ಡಿಸೆಂಬರ್ 17ರಂದು ಉದ್ಘಾಟನೆಯಾದ ಸೂರತ್ ಡೈಮಂಡ್ ಬೋರ್ಸ್ ಇದಕ್ಕೆ ದೊಡ್ಡ ಉದಾಹರಣೆ. ಮಾರ್ಫೊಜೆನೆಸಿಸ್ ಸಂಸ್ಥೆ ವಿನ್ಯಾಸಗೊಳಿಸಿದ ಈ ಕಟ್ಟಡದಲ್ಲಿ 15 ಅಂತಸ್ತುಗಳ ಒಂಬತ್ತು ಗೋಪುರಗಳನ್ನು ಒಂದು ಉದ್ದನೆಯ ನಡುಸಾಲೆ ಜೋಡಿಸುತ್ತದೆ. ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳಿವೆ. ಬೀಸುವ ಗಾಳಿಯನ್ನು ಹಿಡಿದು ಒಳಗೆ ಹರಿಸುವಂತೆ ನಡುಸಾಲೆಯ ಆಕಾರವನ್ನು ರೂಪಿಸಲಾಗಿದೆ. ಇಷ್ಟು ದೊಡ್ಡ ಕಟ್ಟಡದಲ್ಲಿ ಗಾಳಿಯ ಹಾದಿಯನ್ನೂ ಸಾವಿರಾರು ಜನರ ಓಡಾಟವನ್ನೂ ಊಹೆಯಿಂದ ನಿರ್ಧರಿಸಲಾಗದು.

ಕನ್ನಡನಾಡಿನ ದೇಗುಲಗಳು, ಗುಜರಾತಿನ ವಿದ್ವಾಂಸರು

ಈ ಅಧ್ಯಯನದಲ್ಲಿ ಕರ್ನಾಟಕಕ್ಕೂ ಗುಜರಾತಿಗೂ ಹಳೆಯ ನಂಟಿದೆ. ಸೌರಾಷ್ಟ್ರದಲ್ಲಿ ಜನಿಸಿದ ವಿದ್ವಾಂಸ ಮಧುಸೂದನ ಢಾಕಿಯವರು ಕರ್ನಾಟಕದ ಶಾಸನಗಳಲ್ಲೂ ಶಿಲ್ಪದಲ್ಲೂ ಕಾಣುವ ದೇಗುಲದ ರೂಪಗಳ ಬಗ್ಗೆ 1977ರಲ್ಲಿ ಗ್ರಂಥ ಪ್ರಕಟಿಸಿದರು. ಹೂವಿನಹಡಗಲಿ ಸೀಮೆಯ ಹೊಳಲಿನ ಶಾಸನ ಬಮ್ಮೋಜನೆಂಬ ಶಿಲ್ಪಿಯನ್ನು ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಗಳಲ್ಲೂ ಬಲ್ಲಿದನೆಂದು ಹೊಗಳುತ್ತದೆ. ಅಂದರೆ ರೂಪಗಳನ್ನು ವರ್ಗೀಕರಿಸಿ ಅರಿಯುವ ವಿದ್ಯೆ ನಮ್ಮಲ್ಲಿ ಹೊಸತಲ್ಲ. ಗುಜರಾತಿನಲ್ಲಿ ಬಡಗಿಗಳಿಗಿರುವ ಸುಥಾರ ಎಂಬ ಹೆಸರು ಸೂತ್ರಧಾರ, ಅಂದರೆ ಅಳತೆಯ ದಾರ ಹಿಡಿದವನು, ಎಂಬ ಪದದಿಂದಲೇ ಬಂದದ್ದು.

ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯ ಗಣಕಕ್ಕೆ ಹೇಳಿ ಮಾಡಿಸಿದಂಥ ಉದಾಹರಣೆ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ನೋಡಲು ಜಟಿಲ, ನಿಯಮ ಮಾತ್ರ ಸರಳ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕಗಳನ್ನು ಒಂದರ ಮೇಲೊಂದು ಇಟ್ಟರೆ 24 ಮೂಲೆಗಳಾಗುತ್ತವೆ. ನಾಲ್ಕೇ ಚೌಕಗಳನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿದರೆ ಸೋಮನಾಥಪುರದ ಗರ್ಭಗುಡಿಗಳ 16 ಮೂಲೆಗಳ ನಕ್ಷತ್ರ ಬರುತ್ತದೆ. ಹೈಸ್ಕೂಲಿನ ಮಕ್ಕಳು ಕೂಡ ಕಾಗದದಲ್ಲೋ ಗಣಕದಲ್ಲೋ ಇದನ್ನು ಮಾಡಿ ನೋಡಬಹುದು. ದೇಗುಲದ ಶಿಖರದಲ್ಲಿ ದೊಡ್ಡ ರೂಪವೇ ಚಿಕ್ಕದಾಗಿ ಮತ್ತೆ ಮತ್ತೆ ಬರುವ ಗುಣವನ್ನು ಮುಂಬಯಿಯ ಐ.ಐ.ಟಿ.ಯ ಕೀರ್ತಿ ತ್ರಿವೇದಿ 1989ರಲ್ಲಿಯೇ ಗಣಿತದ ದೃಷ್ಟಿಯಿಂದ ವಿವರಿಸಿದ್ದರು.

ಈಗ ಆ ಎರಡು ನೋಟುಗಳ ಪ್ರಶ್ನೆಗೆ ಬರಬಹುದು. ರಾಣಿ ಕೀ ವಾವ್ ಹನ್ನೊಂದನೆಯ ಶತಮಾನದ್ದು. ಉದ್ದ ಸುಮಾರು 64 ಮೀಟರ್, ಆಳ ಸುಮಾರು 27 ಮೀಟರ್, ಏಳು ಅಂತಸ್ತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಹಕಾರದಿಂದ 2011ರಲ್ಲಿ ಸ್ಕಾಟ್ಲೆಂಡಿನ ತಂಡವೊಂದು ಲೇಸರ್ ಕಿರಣಗಳಿಂದ ಇದನ್ನು ಅಳೆಯಿತು. ಕಿರಣ ಕಲ್ಲಿಗೆ ತಾಗಿ ಹಿಂದಿರುಗುವುದರಿಂದ ದೂರವನ್ನು ಲೆಕ್ಕಿಸಿ, ಕೋಟ್ಯಂತರ ಬಿಂದುಗಳಲ್ಲಿ ಇಡೀ ಬಾವಿಯನ್ನು ದಾಖಲಿಸುವ ಕ್ರಮವಿದು. 2014ರಲ್ಲಿ ಬಾವಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಪ್ರತಿರೂಪವನ್ನು ಉದ್ದಕ್ಕೆ ಸೀಳಿ ನೋಡಿದಾಗ ಅಂತಸ್ತುಗಳ ಅರ್ಥ ತಿಳಿಯುತ್ತದೆ. ಋತುವಿಗನುಸಾರ ನೀರು ಏರಿಳಿದರೂ ಜನ ಅದನ್ನು ತಲಪಬೇಕು. ಇಕ್ಕೆಲದ ಮಣ್ಣಿನ ಒತ್ತಡಕ್ಕೆ ಗೋಡೆಗಳು ಬಾಗದಂತೆ ಕಂಬಗಳ ಮಂಟಪಗಳು ಅಡ್ಡಲಾಗಿ ನಿಂತು ಆಧಾರ ಕೊಡಬೇಕು.

ಹಂಪಿಯ ರಥದ ಮೇಲೆ ಇಟ್ಟಿಗೆಯ ಶಿಖರವಿತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಗಣಕದಲ್ಲಿ ಆ ಶಿಖರವನ್ನು ಮತ್ತೆ ನಿಲ್ಲಿಸಬಹುದು. ಆದರೆ ಯಾವ ಭಾಗ ಇಂದು ಅಳೆದದ್ದು, ಯಾವುದು ಹಳೆಯ ಚಿತ್ರದಿಂದ ಬಂದದ್ದು, ಯಾವುದು ಬರಿಯ ಊಹೆ ಎಂಬುದನ್ನು ಬಣ್ಣಗಳಿಂದಲಾದರೂ ಬೇರ್ಪಡಿಸಿ ತೋರಿಸಬೇಕು. 2006ರಲ್ಲಿ ರೂಪುಗೊಂಡ ಲಂಡನ್ ಸನ್ನದು ಈ ಪ್ರಾಮಾಣಿಕತೆಯನ್ನೇ ಒತ್ತಿ ಹೇಳುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ನಡೆದ ಡಿಜಿಟಲ್ ಹಂಪಿ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜು ಸೇರಿದಂತೆ ದೇಶದ ಹಲವು ಸಂಸ್ಥೆಗಳು ಪಾಲ್ಗೊಂಡವು. ಅದರ ಫಲಗಳು 2017ರಲ್ಲಿ ಗ್ರಂಥರೂಪದಲ್ಲಿ ಬಂದವು.

ಪ್ರತಿರೂಪ ಕಟ್ಟಡಕ್ಕೆ ಬದಲಿಯಲ್ಲ

2020ರ ಡಿಸೆಂಬರಿನಲ್ಲಿ ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆ, ಲೂಯಿ ಕಾನ್ ರಚಿಸಿದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವುವ ಪ್ರಸ್ತಾಪ ಮಾಡಿತು. ದೇಶವಿದೇಶಗಳಿಂದ ವಿರೋಧ ಬಂದು 2021ರ ಜನವರಿ 1ರಂದು ಪ್ರಸ್ತಾಪ ಹಿಂತೆಗೆಯಲಾಯಿತು. 2022ರ ನವೆಂಬರಿನಲ್ಲಿ, ಕಟ್ಟಡಗಳು ಸುರಕ್ಷಿತವಲ್ಲವೆಂಬ ಕಾರಣದಿಂದ ಪುನರ್ನಿರ್ಮಾಣದ ನಿರ್ಧಾರ ಮತ್ತೆ ಪ್ರಕಟವಾಯಿತು. ಇಟ್ಟಿಗೆ ಶಿಥಿಲವಾಗಿರುವುದೂ ನಿಜ, ಕೃತಿಯ ಮಹತ್ವವೂ ನಿಜ. ಒಂದೊಂದು ನಿಲಯವನ್ನೂ ಬೇರೆಬೇರೆಯಾಗಿ ಗಣಕದಲ್ಲಿ ದಾಖಲಿಸಿದರೆ ಅವುಗಳ ನಡುವಿನ ಅಂಗಳಗಳು, ನೆರಳಿನ ಹಾದಿಗಳು, ಓರೆಯಾದ ಜೋಡಣೆ ದಾಖಲೆಯಿಂದ ಜಾರಿಹೋಗುತ್ತವೆ. ಕಾನ್ ಅವರ ವಿನ್ಯಾಸದ ಸತ್ತ್ವ ಬಹುಮಟ್ಟಿಗೆ ಆ ನಡುವಿನ ಜಾಗಗಳಲ್ಲೇ ಇದೆ. ಎಲ್ಲವನ್ನೂ ದಾಖಲಿಸಿದ್ದೇವೆ, ಇನ್ನು ಕೆಡವಬಹುದು ಎಂಬ ವಾದಕ್ಕೆ ಗಣಕದ ಪ್ರತಿರೂಪ ನೆಪವಾಗಬಾರದು.

ವಿದ್ಯಾರ್ಥಿಗಳಿಗೆ ಮತ್ತು ಪೋಷಕರಿಗೆ

ವಾಸ್ತುಶಿಲ್ಪ ಪದವಿ ಐದು ವರ್ಷಗಳದ್ದು. ಪ್ರವೇಶಕ್ಕೆ 2006ರಿಂದ ನಡೆಯುತ್ತಿರುವ ನಾಟಾ ಅಥವಾ ಜೆ.ಇ.ಇ. ಮುಖ್ಯ ಪರೀಕ್ಷೆಯ ವಾಸ್ತುಶಿಲ್ಪ ಪತ್ರಿಕೆ ಬರೆಯಬೇಕಾಗುತ್ತದೆ. ತಂತ್ರಾಂಶಗಳನ್ನು ಬಲ್ಲೆನೆಂಬುದೊಂದೇ ಈ ವೃತ್ತಿಗೆ ಸಾಲದು. ಕೈಯಲ್ಲಿ ಅಳೆದು ಬರೆಯುವ ಅಭ್ಯಾಸ ಮೊದಲು ಬರಬೇಕು. ಅಳತೆ ತೆಗೆದವನಿಗೆ ಗೋಡೆಯ ದಪ್ಪ ಏಕೆ ಬದಲಾಯಿತೆಂಬ ಪ್ರಶ್ನೆ ಹುಟ್ಟುತ್ತದೆ. ಸಿದ್ಧ ಪ್ರತಿರೂಪವನ್ನು ನೋಡಿದವನಿಗೆ ಅದು ಹೊಳೆಯುವುದು ವಿರಳ.

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಮನೆಗಳಿವೆ. ಅವು ಪಾಲಾಗುತ್ತಿವೆ, ಮಾರಾಟವಾಗುತ್ತಿವೆ, ಬೀಳುತ್ತಿವೆ. ರಜೆಗೆ ಹೋದಾಗ ಮಕ್ಕಳ ಕೈಗೆ ಅಳತೆಯ ಟೇಪು ಮತ್ತು ಚೌಕುಳಿ ಕಾಗದ ಕೊಡಬಹುದು. ಪ್ರತಿ ಕೋಣೆಯ ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಎದುರು ಬದಿಗಳು ಸಮವಿದ್ದು ಕರ್ಣಗಳು ಸಮವಿಲ್ಲದಿದ್ದರೆ ಕೋಣೆ ಓರೆಯಾಗಿದೆಯೆಂದು ತಿಳಿಯುತ್ತದೆ. ಗೋಡೆಯ ದಪ್ಪ, ಬಾಗಿಲಿನ ಎತ್ತರ, ಕಂಬಗಳ ಅಂತರ, ಉತ್ತರ ದಿಕ್ಕನ್ನು ಗುರುತಿಸಬೇಕು. ಬ್ಲೆಂಡರ್, ಫ್ರೀಕ್ಯಾಡ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿ ಅದನ್ನು ಆಮೇಲೆ ಮೂರು ಆಯಾಮದಲ್ಲಿ ಕಟ್ಟಬಹುದು. ಕೋಣೆಗಳಿಗೆ ಅಜ್ಜ ಅಜ್ಜಿಯರು ಹೇಳುವ ಹೆಸರುಗಳನ್ನೂ, ಎಲ್ಲಿ ಏನು ನಡೆಯುತ್ತಿತ್ತೆಂಬ ಅವರ ಮಾತುಗಳನ್ನೂ ನಕ್ಷೆಯ ಮೇಲೆಯೇ ಕನ್ನಡದಲ್ಲಿ ಬರೆದಿಡುವುದು ಅವಶ್ಯ. ಆ ಮಾಹಿತಿಯನ್ನು ಯಾವ ಯಂತ್ರವೂ ಅಳೆದು ಕೊಡಲಾರದು; ಹೇಳಬಲ್ಲವರು ನಮ್ಮೊಡನೆ ಇರುವಾಗಲೇ ಆ ಕೆಲಸ ಆಗಬೇಕು.